ಎರಡು ಪೊಟ್ಟಣಗಳು

ಚಿಕಾಗೋ ನಗರದ ಹೊರವಲಯದಲ್ಲಿ ಸಂಸಾರ ಹೂಡಿದಂದಿನಿಂದ, ಜುಲೈ 4ರ ಸ್ವಾತಂತ್ರ್ಯೋತ್ಸವದಂದು ನೆರೆಯವರ ಹಿತ್ತಿಲಿನಲ್ಲಿ ಕೆಂಡದ ಮೇಲೆ ಹಾಟ್ ಡಾಗ್‌ಗಳು ಚಟಚಟನೆ ಸಿಡಿಯತೊಡಗಿದಾಗಲೆಲ್ಲ, ಮಾಂಸವಿಲ್ಲದ ಪದಾರ್ಥದಿಂದ ದೇಹಕ್ಕೆ ಹಾನಿಯೂ ಇರಲಾರದೆಂಬ ನಿಶ್ಚಿಂತೆಯಿಂದ, ಮನೆಯಿಂದ ಒಯ್ದ ಸಸ್ಯಾಹಾರಿ ಹಾಟ್ ಡಾಗ್‌ಗಳನ್ನು ನಾನು ಒಂದಾದ ಮೇಲೊಂದು ತಿನ್ನುತ್ತಿದ್ದೆನು. ಆ ನಿಶ್ಚಿಂತೆ ಮುರಿದದ್ದು ರಕ್ತದೊತ್ತಡ ಏರಿದೆಯೆಂದು ವೈದ್ಯರು ಹೇಳಿ, ಉಪ್ಪು ಯಾವ ದಾರಿಯಿಂದ ಒಳಗೆ ಬರುತ್ತಿದೆಯೆಂಬುದನ್ನು ನೀವೇ ಹುಡುಕಬೇಕೆಂದು ತಿಳಿಸಿದ ದಿನ.

ಹಪ್ಪಳ, ಉಪ್ಪಿನಕಾಯಿಗಳನ್ನು ಅಂದೇ ಬಿಟ್ಟೆನು. ಅದಾದ ಕೆಲವು ದಿನಗಳಿಗೆ ನನ್ನ ಮಗನು, ತಾನು ತಿನ್ನುವ ದನದ ಮಾಂಸದ ಪೊಟ್ಟಣವನ್ನೂ ನನ್ನದನ್ನೂ ಅಡಿಗೆಮನೆಯ ಮೇಜಿನ ಮೇಲೆ ಜೋಡಿಸಿಟ್ಟು, ಹಿಂಬದಿಯ ಸಣ್ಣಕ್ಷರದ ಪಟ್ಟಿಯ ಮೇಲೆ ಬೆರಳಿಟ್ಟು, “ಅಪ್ಪಾ, ಇಲ್ಲಿ ನೋಡು, ಸೋಡಿಯಂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ” ಎಂದನು. ಅವನದರಲ್ಲಿ ಒಂದಕ್ಕೆ 480 ಮಿಲಿಗ್ರಾಂ, ನನ್ನದರಲ್ಲಿ 430.

ಉಳಿದ ಸಾಲುಗಳಲ್ಲಿ ಅಂತರವು ನಿಜವಾಗಿಯೂ ದೊಡ್ಡದಾಗಿತ್ತು. ಅವನದರಲ್ಲಿ 150 ಕ್ಯಾಲೊರಿ, 13 ಗ್ರಾಂ ಕೊಬ್ಬು, 6 ಗ್ರಾಂ ಪ್ರೋಟೀನು. ನನ್ನದರಲ್ಲಿ ಕ್ಯಾಲೊರಿ ಅದರರ್ಧಕ್ಕೂ ಕಡಿಮೆ, ಕೊಬ್ಬು 2 ಗ್ರಾಂ, ಪ್ರೋಟೀನು 8 ಗ್ರಾಂ. ಮಾಂಸಕ್ಕೆ ಗುಲಾಬಿ ಬಣ್ಣವನ್ನು ಉಳಿಸಿ, ಬ್ಯಾಕ್ಟೀರಿಯಾಗಳನ್ನು ತಡೆಯುವ ನೈಟ್ರೈಟ್ ಎಂಬ ಲವಣವು ನನ್ನದರಲ್ಲಿರಲಿಲ್ಲ. ಸಂಸ್ಕರಿಸಿದ ಮಾಂಸವು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿಯೇ ಸಾರಿ, ದಿನಂಪ್ರತಿ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇಕಡಾ 18ರಷ್ಟು ಹೆಚ್ಚುವುದೆಂದು ಹೇಳಿದೆ. ಒಂದು ಹಾಟ್ ಡಾಗಿನ ತೂಕ ಹೆಚ್ಚುಕಡಿಮೆ ಅಷ್ಟೇ. ಇದನ್ನು ಮಗನಿಗೆ ಓದಿ ಹೇಳುವಾಗ ನನ್ನ ಧ್ವನಿ ನಡುಗಿತು. ಆದರೆ ಮಾಂಸದಲ್ಲಿ ಸಹಜವಾಗಿಯೇ ಇರುವ ಬಿ12 ಜೀವಸತ್ವವು ನನ್ನ ಪೊಟ್ಟಣದಲ್ಲಿ ಇರಲಿಲ್ಲ. ತಯಾರಕರು ಹೊರಗಿನಿಂದ ಬೆರೆಸಿದ್ದರೆ ಮಾತ್ರ ಅದು ದೊರೆಯುವುದು. ಇಂಥ ಸಸ್ಯಾಹಾರಿ ಹಾಟ್ ಡಾಗ್‌ಗಳಲ್ಲಿ ಬಳಸುವ ಸೋಯಾ ಪ್ರೋಟೀನು ಉತ್ತಮವಾದುದೇ. ಅವುಗಳಲ್ಲಿ ಬೆರೆಸುವ ಗೋಧಿಯ ಗ್ಲುಟೆನ್‌ನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವು ಕಡಿಮೆಯಾದರೂ, ನಿತ್ಯ ತೊವ್ವೆ ಉಣ್ಣುವ ನಮ್ಮಂಥವರಿಗೆ ಆ ಕೊರತೆ ಬೇಳೆಯಿಂದಲೇ ತುಂಬಿಬರುತ್ತದೆ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಪೊಟ್ಟಣದ ಹೊರಗಿನ ಲೆಕ್ಕ. ಈ ಊರಿನ ಸಂಪ್ರದಾಯದಂತೆ ಗಸಗಸೆ ಉದುರಿಸಿದ ಬನ್ನು, ಹಳದಿ ಸಾಸಿವೆ ಗೊಜ್ಜು, ಉಪ್ಪುನೀರಿನಲ್ಲಿ ನೆನೆದ ಸೌತೆಯ ಸೀಳು, ಅದರ ಮೇಲೆ ಸೆಲರಿ ಬೆರೆಸಿದ ಉಪ್ಪು, ಇವಿಷ್ಟನ್ನೂ ಕೂಡಿಸಿ ನೋಡಲಾಗಿ, ಒಂದೊಂದು ಹಾಟ್ ಡಾಗಿಗೂ ನಾನು ಸುಮಾರು 1000 ಮಿಲಿಗ್ರಾಂ ಸೋಡಿಯಂ ನುಂಗುತ್ತಿದ್ದೆನು. ದಿನವೊಂದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ 2000.

ಈಗ ಒಂದಕ್ಕಿಂತ ಹೆಚ್ಚು ತಿನ್ನುವುದಿಲ್ಲ; ಅದನ್ನೂ ಉಪ್ಪು ಹಾಕದೆ ಲಟ್ಟಿಸಿದ ಚಪಾತಿಯಲ್ಲಿ ಸುತ್ತಿ, ಹೆಚ್ಚಿದ ಹಸಿ ಈರುಳ್ಳಿ, ಟೊಮೆಟೊ, ಮೇಲಿಷ್ಟು ನಿಂಬೆಯ ರಸ. ಮಗನು ಮಾಂಸದ್ದನ್ನು ಪೂರ್ತಿ ಬಿಟ್ಟಿಲ್ಲ, ಬಿಡಬೇಕೆಂಬ ನನ್ನ ಆಸೆಯನ್ನು ಅವನಿಂದ ಮುಚ್ಚಿಟ್ಟೂ ಇಲ್ಲ. ಕಳೆದ ಜುಲೈಯಲ್ಲಿ ನೆರೆಯವರ ಹಿತ್ತಿಲಿಗೆ ಹೊರಟಾಗ, ಡಬ್ಬಿಗೆ ಇನ್ನೆರಡು ಚಪಾತಿ ಹೆಚ್ಚಾಗಿ ಹಾಕಿಕೊಂಡವನು ಅವನೇ.