ಅಳೆಯದೆ ಬಿಡಿಭಾಗ ಕೊಳ್ಳಬೇಡಿ

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ದಿನಬಳಕೆಯದರ ಕಂತು ಇನ್ನೂ ತೀರಿಲ್ಲ. ಇನ್ನೊಂದು 1990ರ ಮಾಜ್ದಾ ಮಿಯಾಟಾ: ಎರಡೇ ಸೀಟು, 1.6 ಲೀಟರ್ ಎಂಜಿನ್, ಗುಂಡಿ ಒತ್ತಿದರೆ ಮೇಲೇಳುವ ಹೆಡ್‌ಲೈಟುಗಳು. 1989ರ ಷಿಕಾಗೊ ಆಟೊ ಷೋದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿಗೆ ಆಗ ಅಮೆರಿಕದಲ್ಲಿ ಬೆಲೆ 13,800 ಡಾಲರ್. ಸಂಬಳದವರೂ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಎಂದೇ ಜನ ಮುಗಿಬಿದ್ದರು. ಎಲ್ಲ ತಲೆಮಾರುಗಳೂ ಸೇರಿ ಹತ್ತು ಲಕ್ಷಕ್ಕಿಂತ ಹೆಚ್ಚು ತಯಾರಾಗಿರುವುದರಿಂದ ಬಿಡಿಭಾಗಗಳು ಇಂದಿಗೂ ಸಿಗುತ್ತವೆ, ಕೈಗೆಟಕುವ ಬೆಲೆಗೇ ಸಿಗುತ್ತವೆ. ದುಡ್ಡು ಸೋರಿಹೋಗುವುದೂ ಅದೇ ಕಾರಣಕ್ಕೆ. ಇದಿರಬಹುದು, ಅದಿರಬಹುದು ಎಂದು ಒಂದೊಂದನ್ನೇ ಬದಲಿಸುತ್ತ ಹೋದರೆ ವರ್ಷದ ಕೊನೆಗೆ ಖರ್ಚು ಹೊಸ ಕಾರಿನ ಕಂತನ್ನೂ ಮೀರುತ್ತದೆ.

ಒಂದು ಚಳಿಗಾಲ ಮುಗಿದ ಮೇಲೆ ಈ ಕಾರು ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತು ಭಾರವಾಗಿ ಎಳೆದು, ಟಕ್ ಎಂದು ನಿಲ್ಲುತ್ತಿತ್ತು. ಫೋನಿನಲ್ಲಿ ಲಕ್ಷಣ ಕೇಳಿದ ಗ್ಯಾರೇಜಿನವರು, ‘ಸ್ಟಾರ್ಟರ್ ಹೋಗಿದೆ’ ಅಂದುಬಿಟ್ಟರು. ಕೂಲಿ ಸೇರಿ 650 ಡಾಲರ್. ಈ ಕಾರಿನಲ್ಲಿ ಸ್ಟಾರ್ಟರ್ ಮೋಟಾರು ಇನ್‌ಟೇಕ್ ಮ್ಯಾನಿಫೋಲ್ಡ್‌ನ ಕೆಳಗೆ, ಕೈ ಹೋಗದ ಜಾಗದಲ್ಲಿ ಕೂತಿರುತ್ತದೆ. ಹಾಗಾಗಿ ಕೂಲಿ ಜಾಸ್ತಿ. ಬ್ಯಾಟರಿಯೂ ಸಾಮಾನ್ಯ ಅಳತೆಯದಲ್ಲ. ಅದು ಡಿಕ್ಕಿಯೊಳಗೆ ಇರುವುದರಿಂದ ಅನಿಲ ಹೊರಹೋಗಲು ಕೊಳವೆ ಇರುವಂಥದ್ದೇ ಬೇಕು, ಬೆಲೆಯೂ ಹೆಚ್ಚು.

‘ರೀ, ಬ್ಯಾಟರಿನೇ ಹೋಗಿರಬೇಕು, ಹೊಸದು ತಂದು ಹಾಕಿಬಿಡಿ’ ಅಂದಳು ಹೆಂಡತಿ.

‘ಇರು, ಮೊದಲು ಅಳೆದು ನೋಡೋಣ. ನೀನು ಕ್ಲಚ್ ಒತ್ತಿ ಕೀಲಿ ತಿರುಗಿಸು, ಸಾಕು.’

ನನ್ನ ಬಳಿ ಇದ್ದದ್ದು 30 ಡಾಲರಿನ ಒಂದು ಮಲ್ಟಿಮೀಟರ್. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ ಎಂದರ್ಥ. ನಮ್ಮದು 12.6 ಇತ್ತು. ಕೀಲಿ ತಿರುಗಿಸುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಅನುಮಾನಿಸಬೇಕು. ನಮ್ಮದು 11ರ ಕೆಳಗೆ ಇಳಿಯಲೇ ಇಲ್ಲ. ಅಲ್ಲಿಗೆ ಬ್ಯಾಟರಿಯ ಖರ್ಚು ಉಳಿಯಿತು.

ಇನ್ನು ಉಳಿದದ್ದು ಬ್ಯಾಟರಿಗೂ ಸ್ಟಾರ್ಟರಿಗೂ ನಡುವಿನ ದಾರಿ. ಈ ದಾರಿಯನ್ನು ಯಾರೂ ನೋಡುವುದಿಲ್ಲ ಎಂಬುದೇ ನನಗೆ ಬೇಸರ. ಸ್ಟಾರ್ಟರ್ ನೂರೈವತ್ತು ಆಂಪಿಯರಿನಷ್ಟು ಕರೆಂಟ್ ಎಳೆಯುತ್ತದೆ ಎಂದುಕೊಳ್ಳಿ. ದಾರಿಯ ಒಂದು ಜೋಡಣೆಯಲ್ಲಿ ತುಕ್ಕು ಹಿಡಿದು 0.02 ಓಮ್ ತಡೆ ಹುಟ್ಟಿದರೂ ಸಾಕು, 3 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಅಷ್ಟು ಸಣ್ಣ ತಡೆಯನ್ನು ಈ ಬೆಲೆಯ ಮೀಟರಿನಲ್ಲಿ ನೇರವಾಗಿ ಅಳೆಯಲಾಗದು. ಕರೆಂಟ್ ಹರಿಯುತ್ತಿರುವಾಗಲೇ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ನಷ್ಟವಾಗುತ್ತಿದೆ ಎಂದು ನೋಡಬೇಕು. ಬ್ಯಾಟರಿ ಹಿಂದೆ, ಎಂಜಿನ್ ಮುಂದೆ. ಅದಕ್ಕಾಗಿ ಹಳೆಯ ಸ್ಪೀಕರ್ ವೈರೊಂದನ್ನು ಮೀಟರಿನ ತಂತಿಗೆ ಸೇರಿಸಿ ಉದ್ದ ಮಾಡಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಇಗ್ನಿಷನ್ ಕಾಯಿಲ್‌ನ ಪ್ಲಗ್ ಕಿತ್ತಿಟ್ಟು ಹೆಂಡತಿಗೆ ಸನ್ನೆ ಮಾಡಿದೆ. ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ಅರ್ಧ ವೋಲ್ಟ್ ದಾಟಬಾರದು. ಮೀಟರು 4 ವೋಲ್ಟ್ ಹತ್ತಿರ ತೋರಿಸಿತು.

ಎಂಜಿನ್ನನ್ನು ಬಾಡಿಗೆ ಜೋಡಿಸುವ ಅರ್ತಿಂಗ್ ಪಟ್ಟಿ ಹಸಿರುಗಟ್ಟಿತ್ತು. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗಳಿಗೆ ಸುರಿಯುವ ಉಪ್ಪಿನ ಕೆಲಸ ಅದು. ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಬಿಚ್ಚಿ, ಬೋಲ್ಟಿನ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ಪಟ್ಟಿ ಹಾಕಿದೆ. 15 ಡಾಲರ್. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಲೆಕ್ಕ ಹಾಕಿ ನೋಡಿ. ಆ 650 ಡಾಲರ್ ಕೊಟ್ಟು ಸ್ಟಾರ್ಟರ್ ಬದಲಿಸಿದ್ದರೂ ತೊಂದರೆ ಹಾಗೇ ಇರುತ್ತಿತ್ತು, ಆಮೇಲೆ ಸರದಿ ಬ್ಯಾಟರಿಯದು. ಇಲ್ಲಿಯ ಬಹಳ ಅಂಗಡಿಗಳು ಒಮ್ಮೆ ಜೋಡಿಸಿದ ಎಲೆಕ್ಟ್ರಿಕಲ್ ಭಾಗವನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಅಂದಾಜು ತಪ್ಪಿದರೆ ಆ ದುಡ್ಡು ಹೋದಂತೆಯೇ. ನಿಜವಾಗಿಯೂ ಬದಲಿಸಬೇಕಾಗಿ ಬಂದಾಗ ಹಳೆಯ ಬ್ಯಾಟರಿ, ಸ್ಟಾರ್ಟರುಗಳನ್ನು ಎಸೆಯಬೇಡಿ. ಬಿಲ್ಲಿನಲ್ಲಿ ‘ಕೋರ್’ ಎಂದು ಹಿಡಿದಿಟ್ಟ ಠೇವಣಿ ಹಳೆಯದನ್ನು ಒಪ್ಪಿಸಿದರೆ ಮರಳಿ ಸಿಗುತ್ತದೆ.

ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಅದು ಬೇರೆಯೇ ಕಥೆ. ಆಗ ಪೆಟ್ರೋಲ್ ಬರುತ್ತಿದೆಯೇ, ಕಿಡಿ ಹಾರುತ್ತಿದೆಯೇ ಎಂದು ನೋಡಬೇಕು. ಈ ಕಾರಿನ ಬಾನೆಟ್ಟಿನಡಿ ಒಂದು ಸಣ್ಣ ಡಯಾಗ್ನೋಸಿಸ್ ಡಬ್ಬಿಯಿದೆ. ಕೀಲಿ ಆನ್ ಮಾಡಿ, ಅದರಲ್ಲಿ ಎಫ್‌ಪಿ ಮತ್ತು ಜಿಎನ್‌ಡಿ ಎಂದು ಬರೆದಿರುವ ಎರಡು ತೂತುಗಳನ್ನು ತುಂಡು ತಂತಿಯಿಂದ ಸೇರಿಸಿದರೆ ಸೀಟಿನ ಹಿಂದಿನ ಟ್ಯಾಂಕಿನಲ್ಲಿ ಪಂಪು ಗುಂಯ್‌ಗುಡುವುದು ಕೇಳಿಸುತ್ತದೆ. ಕೇಳಿಸಿದರೆ ಪಂಪು ಕೊಳ್ಳುವ ಅವಸರ ಬೇಡ.

ನಿಲ್ಲಿಸಿಟ್ಟ ಕಾರಿಗೂ ಖರ್ಚಿದೆ. ಗಡಿಯಾರ, ರೇಡಿಯೊ ಎಂದು 30 ಮಿಲಿಆಂಪಿಯರ್ ಹರಿಯುತ್ತಿದ್ದರೂ ತಿಂಗಳಿಗೆ ಸುಮಾರು 22 ಆಂಪಿಯರ್-ಅವರ್ ಖಾಲಿ. ಈ ಪುಟ್ಟ ಬ್ಯಾಟರಿಯಲ್ಲಿ ಇರುವುದೇ 30ರ ಆಸುಪಾಸು. ಹೀಗೆ ಬರಿದಾಗಿ ಕೂತ ಬ್ಯಾಟರಿಯೊಳಗೆ ಸಲ್ಫೇಟ್ ಗಟ್ಟಿಯಾಗಿ ಅದರ ಆಯುಷ್ಯ ಕುಗ್ಗುತ್ತದೆ. ಚಳಿಗಾಲ ಪೂರ್ತಿ ಸಣ್ಣ ಚಾರ್ಜರ್ ಸಿಕ್ಕಿಸಿಡಲು ನಾನು ಕೊಟ್ಟದ್ದು 40 ಡಾಲರ್. ಈ ಕಾರಿಗೆ ಮಾಡಿದ ಖರ್ಚುಗಳಲ್ಲಿ ಮೀಟರನ್ನು ಬಿಟ್ಟರೆ ಇದೇ ಒಳ್ಳೆಯದು.

ಎಲ್ಲರಿಗೂ ಕಾರಿನ ಕೆಳಗೆ ಮಲಗುವ ಬಿಡುವು, ಇಷ್ಟ ಇರಬೇಕೆಂದಿಲ್ಲ. ಗ್ಯಾರೇಜಿಗೇ ಒಯ್ಯುವುದಾದರೆ ಭಾಗ ಬದಲಿಸಿ ಎನ್ನಬೇಡಿ. ‘ತಪಾಸಣೆಗೆ ಒಂದು ಗಂಟೆಯ ಕೂಲಿ ಕೊಡುತ್ತೇನೆ, ಎಲ್ಲಿ ಎಷ್ಟು ವೋಲ್ಟ್ ಬಂತು ಎಂದು ಬರೆದುಕೊಡಿ’ ಎಂದು ಕೇಳಿ. ಆ ಕೂಲಿಗೆ ಚೌಕಾಸಿ ಮಾಡಬೇಡಿ, ಅದು ನ್ಯಾಯದ ದುಡ್ಡು. ಬರೆದುಕೊಡಲು ಒಪ್ಪದಿದ್ದರೆ ಕಾರನ್ನು ಬೇರೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.