ದವಡೆ ಕೂಡುವ ತನಕ ಮನೆಯ ಅಂಬಲಿ ಕುಡಿ

ಪ್ರೀತಿಯ ತಮ್ಮಾ,

ನಿಮ್ಮ ಅವ್ವ ನಿನ್ನೆ ಫೋನ್ ಮಾಡಿ ಅತ್ತಳು. ಹೊತ್ತಿಗೊಂದು ಲೋಟ ಮೋಸಂಬಿ ರಸ, ಇಲ್ಲವೇ ಅಕ್ಕಿ ಗಂಜಿ ಕುಡಿದು ಗೋಡೆಗೆ ಮುಖ ಮಾಡಿ ಮಲಗುತ್ತೀಯಂತೆ. ದವಡೆಯ ಆಪರೇಶನ್ ಆದ ಮೂರನೇ ವಾರಕ್ಕೇ ಪುಣೆಯ ರೂಮಿಗೆ ಹೊರಡುತ್ತೀಯಂತೆ, ಡಬ್ಬಿಯ ಪುಡಿ ಕಲಸಿ ಕುಡಿದರಾಯಿತು ಅಂದೆಯಂತೆ. ಕೇಳಿ ಮೊದಲು ಚಿಂತೆಯಾಯಿತು, ಆಮೇಲೆ ಸಿಟ್ಟು ಬಂತು. ನಿನ್ನ ಹಾಗೆ ದವಡೆಯ ಆಪರೇಶನ್ ಮಾಡಿಸಿಕೊಂಡು ಮನೆಯಲ್ಲಿ ಕೂತ ಬೇರೆ ಹುಡುಗರೂ ಓದಲಿ ಎಂದು ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ನಿನ್ನ ದೊಡ್ಡ ಮಾಮಾ, ಅಂದರೆ ನನ್ನ ಅಣ್ಣನ ಎಡಗೆನ್ನೆಯ ಕೆಳಗಿನ ಗುಳಿ ನೋಡಿದ್ದೀಯಲ್ಲ? ಅವನಿಗೆ ನಿನ್ನ ವಯಸ್ಸಿರುವಾಗ ಕಬ್ಬಿನ ಗಾಡಿ ಹಳ್ಳದ ದಂಡೆಯಲ್ಲಿ ಪಲ್ಟಿಯಾಗಿ, ನೊಗ ಬಡಿದು ಕೆಳದವಡೆ ಮುರಿದಿತ್ತು. ಗೋಕಾಕ, ಹುಕ್ಕೇರಿ ಕಡೆಯವರಿಗೆ ಆಗ ದೊಡ್ಡ ಜಡ್ಡು ಬಂದರೆ ಮಿರಜವೇ ಗತಿ. ಅಪ್ಪ ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿ ಅಲ್ಲಿಗೆ ಒಯ್ದ. ಪಟ್ಟಿ, ಸ್ಕ್ರೂ ಹಾಕುವ ಕಾಲವಲ್ಲ ಅದು. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಸೇರಿಸಿ ತಂತಿ ಬಿಗಿದು ಕಳಿಸಿದರು. ಕಟಕ್ ರೊಟ್ಟಿ ತಿಂದು ಬೆಳೆದ ಆಳಿಗೆ ಹಲ್ಲಿನ ಸಂದಿಯಲ್ಲಿ ಇಳಿದಷ್ಟೇ ಊಟ.

ಓಣಿಯವರು ಮಾತಾಡಿಸಲು ಬಂದವರೆಲ್ಲ ಒಂದೊಂದು ಪಥ್ಯ ಹೇಳಿ ಹೋದರು. “ಬ್ಯಾಳಿ ಕೊಡಬ್ಯಾಡ, ನಂಜ ಆಕ್ಕೈತಿ, ಕೀವು ತುಂಬತೈತಿ” ಅಂದರು. ತತ್ತಿ ಬೇಡ, ಮಜ್ಜಿಗೆ ಬೇಡ, ಬರೀ ಗಂಜಿ ತಿಳಿ ಕೊಡು ಅಂದರು. ನಿನ್ನ ಆಯಿ ಓದಿದವಳಲ್ಲ. ಆದರೆ ಮಿರಜದ ನರ್ಸ್ ಬಾಯಿ ಹೇಳಿಕೊಟ್ಟದ್ದನ್ನು ಗಟ್ಟಿಯಾಗಿ ಹಿಡಿದಿದ್ದಳು. “ಗೊಬ್ಬರ ಹಾಕದ ಹೊಲದಾಗ ಬೆಳಿ ಬರತೈತೇನು?” ಎಂದು ಕೇಳಿ ಬಂದವರ ಬಾಯಿ ಮುಚ್ಚಿಸಿದಳು.

ಬೆಳಗಾಗುವುದರೊಳಗೆ ಬೀಸುಕಲ್ಲಿನ ಸದ್ದು. ಜೋಳದ ಹಿಟ್ಟನ್ನು ಅರಿವೆಯಲ್ಲಿ ಸಾಣಿಸಿ, ಗಂಟಿಲ್ಲದಂತೆ ಕದಡಿ, ಅಳ್ಳಕಾಗಿ ಅಂಬಲಿ ಕುದಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸುತ್ತಿದ್ದಳು. ಮಧ್ಯಾಹ್ನ ಹೆಸರುಬೇಳೆಯನ್ನು ಹಣ್ಣಾಗಿ ಬೇಯಿಸಿ, ಕಡೆದು, ಹಳೇ ಧೋತರದಲ್ಲಿ ಸೋಸಿ, ಮೇಲೊಂದು ಚಮಚ ತುಪ್ಪ. ಸಂಜೆ ಎಮ್ಮೆಯ ಹಾಲಿಗೆ ಪುಟಾಣಿ ಹಿಟ್ಟು, ಮೂಡಲಗಿ ಕಡೆಯಿಂದ ಬಂದ ಬೆಲ್ಲ. ಪ್ರತಿ ಸಲ ಕುಡಿದ ಮೇಲೆ ಉಗುರುಬೆಚ್ಚನೆಯ ಉಪ್ಪುನೀರು ಹಿಡಿದು ನಿಲ್ಲುವುದು ನನ್ನ ಕೆಲಸ. ಯಾರೋ ಗೋಕಾಕದ ಕರದಂಟು ತಂದಿಟ್ಟು ಹೋದ ದಿನ ಅಣ್ಣ ಅದನ್ನು ನೋಡಿ ಅಂಬಲಿಯ ಬಟ್ಟಲನ್ನೇ ಒದ್ದ. ಆಯಿ ಬಯ್ಯಲಿಲ್ಲ. ನೆಲ ಒರೆಸಿದಳು. ರಾತ್ರಿ ಬಾದಾಮಿ, ಉತ್ತತ್ತಿ ನೆನೆಹಾಕಿ, ಮರುದಿನ ನುಣ್ಣಗೆ ಅರೆದು, ಹಾಲಿನಲ್ಲಿ ಕುದಿಸಿ ಸೋಸಿ ಕೊಟ್ಟಳು. “ಕರದಂಟಿನ ಸಾಮಾನ ಇದೇ ಅಲ್ಲೇನಪಾ, ಕುಡಿ” ಅಂದಳು. ಅಣ್ಣ ಕುಡಿದ. ತಂತಿ ಬಿಚ್ಚಿದಾಗ ಸೊರಗಿದ್ದ ನಿಜ, ಆದರೆ ಎಲುಬು ನೆಟ್ಟಗೆ ಕೂಡಿತ್ತು.

ಈಗ ನಿನ್ನ ವಿಷಯ. ದವಡೆಯ ಎಲುಬು ಕೂಡಲು ಸಾಮಾನ್ಯವಾಗಿ 6 ವಾರ ಬೇಕು. ಒಳಗೆ ಪಟ್ಟಿ ಹಾಕಿದ್ದರೂ ಎಲುಬಿನ ಅವಸರ ಹೆಚ್ಚುವುದಿಲ್ಲ. ಮೊದಲು ನೀರಾದದ್ದು, ಆಮೇಲೆ ಕಡೆದು ನುಣ್ಣಗಾದದ್ದು, ಕೊನೆಗೆ ಮೆತ್ತಗಿನ ನುಚ್ಚು, ಗೋದಿ ಹುಗ್ಗಿ. ಮೆಟ್ಟಿಲು ಹತ್ತುವುದು ಡಾಕ್ಟರು ಹೇಳಿದಾಗ ಮಾತ್ರ. ಒಮ್ಮೆಗೇ ಹೊಟ್ಟೆ ತುಂಬುವಷ್ಟು ಇಳಿಯುವುದಿಲ್ಲ, ಅದಕ್ಕೇ ದಿನಕ್ಕೆ 6–7 ಸಲ ಸ್ವಲ್ಪ ಸ್ವಲ್ಪ ಕುಡಿ. ಹಣ್ಣಿನ ರಸ, ಗಂಜಿ ತಿಳಿ ಹೊಟ್ಟೆ ತುಂಬಿಸುತ್ತವೆ, ಗಾಯ ಮಾಯಿಸುವ ಪ್ರೋಟೀನು ಅವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೇಳೆ, ಹಾಲು, ಮೊಸರು, ಚೆನ್ನಾಗಿ ಬೇಯಿಸಿ ಕಡೆದ ತತ್ತಿ ಬೇಕೇ ಬೇಕು. ಜೋಳದಲ್ಲಿ ಕೊರತೆಯಾಗುವುದನ್ನು ಬೇಳೆ ತುಂಬುತ್ತದೆ, ಎರಡೂ ಕೂಡಿಯೇ ಇರಲಿ. ಬಿಸಿ ಬೇಡ, ಉಗುರುಬೆಚ್ಚಗಿರಲಿ. ಸಂಕೇಶ್ವರದ ಮೆಣಸಿನಕಾಯಿ ಎಷ್ಟೇ ಕರೆದರೂ ಹೊಲಿಗೆ ಮಾಯುವ ತನಕ ದೂರ ಇಡು. ಸ್ಟ್ರಾ ಹಾಕಿ ಎಳೆಯಬಹುದೋ ಬಾರದೋ ಡಾಕ್ಟರನ್ನೇ ಕೇಳು. ಹಲ್ಲಿಗೆ ತಂತಿ ಬಿಗಿದಿದ್ದರೆ, ವಾಂತಿ ಬಂದು ಉಸಿರುಗಟ್ಟುವ ಹೊತ್ತಿಗೆ ಬೇಕಾಗುವ ತಂತಿ ಕತ್ತರಿ ತಲೆದಿಂಬಿನ ಹತ್ತಿರವೇ ಇರಲಿ, ಎಲ್ಲಿ ಕತ್ತರಿಸಬೇಕೆಂದು ಮನೆಯವರು ಡಾಕ್ಟರಿಂದ ತಿಳಿದುಕೊಂಡಿರಲಿ. ವಾರಕ್ಕೊಮ್ಮೆ ತೂಕ ನೋಡು.

ಡಬ್ಬಿಯ ಪುಡಿ ವಿಷವಲ್ಲ. ಡಾಕ್ಟರು ಬರೆದುಕೊಟ್ಟರೆ ಹಾಲಿನಲ್ಲಿ ಕಲಸಿಕೊಂಡು ಕುಡಿ, ನಾನೇ ತಂದುಕೊಡುತ್ತೇನೆ. ಪುಣೆಗೆ ಹೋಗುವುದೂ ತಪ್ಪಲ್ಲ, ನೌಕರಿ ಉಳಿಯಬೇಕು. ಆದರೆ ಆ ರೂಮಿನಲ್ಲಿ ನಿನಗೆ ಬೇಳೆ ಕಡೆದು ಸೋಸುವವರು ಯಾರು? ರಾತ್ರಿ ಬಾಯಿ ಬಾತರೆ ನೋಡುವವರು ಯಾರು? ಎರಡು ದಿನ ಡಬ್ಬಿ, ಮೂರನೇ ದಿನ ಗೆಳೆಯರ ಜೊತೆ ವಡಾಪಾವ್, ನನಗೆ ಗೊತ್ತಿಲ್ಲವೇ? ಆ ಗುಟ್ಕಾ ಚೀಟಿಯ ಸುದ್ದಿಯೂ ನನ್ನ ಕಿವಿಗೆ ಬಿದ್ದಿದೆ. ಹೊಲಿಗೆ ಹಾಕಿದ ಬಾಯಿಗೆ ಅದನ್ನು ಇಟ್ಟೆಯೋ, ನಾನು ನಿನ್ನ ಜೊತೆ ಮಾತಾಡುವುದಿಲ್ಲ. ಅವ್ವ ಹಗಲೂ ರಾತ್ರಿ ಒಲೆಯ ಮುಂದೆ ನಿಂತಿರುವಾಗ ಮುಖ ತಿರುಗಿಸಿ ಮಲಗಲು ನಿನಗೆ ಮನಸ್ಸಾದರೂ ಹೇಗೆ ಬರುತ್ತದೆ?

ಗಟ್ಟಿಯಾಗಿ ಬಯ್ದೆ, ಬೇಸರ ಮಾಡಿಕೊಳ್ಳಬೇಡ. ಹಸಿವಿದ್ದೂ ಅಗಿಯಲಾಗದ ಸಂಕಟ ಎಂಥದ್ದೆಂದು ಅಣ್ಣನ ಕಣ್ಣಲ್ಲಿ ನೋಡಿದ್ದೇನೆ. ಮಾತಾಡಲಾಗದಿದ್ದರೆ ಚೀಟಿಯಲ್ಲಿ ಬರೆದು ಬೇಕಾದದ್ದು ಕೇಳು, ಮನೆಯವರ ಪಂಕ್ತಿಯಲ್ಲೇ ಕೂತು ಕುಡಿ. ನೌಕರಿ ಇದೊಂದೇ ಅಲ್ಲ, ಇನ್ನೊಂದು ಸಿಗುತ್ತದೆ. ಓರೆಯಾಗಿ ಕೂಡಿದ ದವಡೆಯನ್ನು ಮತ್ತೆ ಮುರಿದೇ ಸರಿಮಾಡಬೇಕಾದೀತು. ಆದ್ದರಿಂದ 6 ವಾರ ಮುಗಿಯುವ ತನಕ ಊರು ಬಿಡಬೇಡ, ಅವ್ವ ಕೊಟ್ಟ ಬಟ್ಟಲನ್ನು ಬರಿದು ಮಾಡಿಯೇ ಏಳು.

ಇಂತಿ ನಿನ್ನ
ದೊಡ್ಡವ್ವ