ಪರದೇಶದ ಮನೆಯಲ್ಲಿ ಸಣ್ಣ ವ್ಯಾಪಾರ: ವೀಸಾ, ಅಡುಗೆಮನೆ, ಊರಿನ ಸರಕು

ಮನೆಯಲ್ಲೇ ಕೂತು ಸಂಪಾದಿಸುವುದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೆಂಗಸರಿಗೆ ಹೊಸತಲ್ಲ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಬೀಡಿ ಕಟ್ಟಿ, ಸಾವಿರಕ್ಕೆ ಇಷ್ಟೆಂದು ಮಜೂರಿ ಪಡೆಯುವ ಕ್ರಮ ತಲೆಮಾರುಗಳಿಂದ ನಡೆದುಬಂದಿದೆ. ಅಲ್ಲಿ ಪರವಾನಗಿ, ತೆರಿಗೆ, ಮಾರಾಟದ ತಲೆನೋವೆಲ್ಲ ಕಂಪನಿಯದು. ಆದರೆ ಪರದೇಶದಲ್ಲಿ ಹತ್ತು ಮನೆಗೆ ನೀರುದೋಸೆ ಮಾಡಿಕೊಟ್ಟು ಹಣ ಪಡೆದರೆ ಕಾನೂನಿನ ಕಣ್ಣಿಗೆ ಮಾಡಿದವಳೇ ವ್ಯಾಪಾರಿ.

ಆದ್ದರಿಂದ ಏನು ಮಾರುವುದೆಂಬುದಕ್ಕಿಂತ ಮೊದಲು ನೋಡಬೇಕಾದದ್ದು ವೀಸಾ. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾತಿ ಸ್ವಂತ ಉದ್ಯೋಗ ಮಾಡಬಹುದು, ವಿದ್ಯಾರ್ಥಿ ವೀಸಾದವರು ಮಾಡುವಂತಿಲ್ಲ. ಅಮೆರಿಕದಲ್ಲಿ ನೌಕರರ ಸಂಗಾತಿಗಳಾಗಿ ಎಚ್-4 ವೀಸಾದಲ್ಲಿರುವವರಿಗೆ ಪ್ರತ್ಯೇಕ ಕೆಲಸದ ಅನುಮತಿ ಬೇಕು. 2015ರಿಂದ ಅದು ಸಿಗುತ್ತಿದೆಯಾದರೂ ಎಲ್ಲ ಎಚ್-4 ಸಂಗಾತಿಗಳಿಗೂ ಅಲ್ಲ. ದುಬೈಯ ಇ-ಟ್ರೇಡರ್ ಪರವಾನಗಿಯಲ್ಲಿ ಭಾರತೀಯ ನಿವಾಸಿಗಳು ಸೇವೆ ಕೊಡಬಹುದು, ಸರಕು ಮಾರುವಂತಿಲ್ಲ. ಮೂಡುಬಿದಿರೆಯ ಕಾಲೇಜುಗಳಲ್ಲಿ ಓದಿ ಹೋದವರಿಗೆ ದುಬೈಯಲ್ಲಿ ಅಡುಗೆಗಿಂತ ಮನೆಪಾಠವೇ ಸುಲಭದ ದಾರಿ: 2023ರ ಡಿಸೆಂಬರಿನಿಂದ ಯುಎಇ ಸರ್ಕಾರ ಖಾಸಗಿ ಪಾಠಕ್ಕೆ ಶುಲ್ಕವಿಲ್ಲದೆ ಪರವಾನಗಿ ಕೊಡುತ್ತಿದೆ.

ತಿಂಡಿ-ತಿನಿಸಿನ ವ್ಯಾಪಾರಕ್ಕೆ ನಿಯಮಗಳು ಹೆಚ್ಚು. ಬ್ರಿಟನ್ನಿನಲ್ಲಿ ಆರಂಭಕ್ಕೆ ಕನಿಷ್ಠ 28 ದಿನ ಮೊದಲು ಸ್ಥಳೀಯ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು; ಇದಕ್ಕೆ ಶುಲ್ಕವಿಲ್ಲ. ಅಲರ್ಜಿಯ 14 ಪದಾರ್ಥಗಳ ಪಟ್ಟಿಯನ್ನು ಕರಾವಳಿಯ ಅಡುಗೆಯವರು ಗಮನವಿಟ್ಟು ಓದಬೇಕು. ತೆಂಗಿನಕಾಯಿ ಅದರಲ್ಲಿಲ್ಲ, ಆದರೆ ಒಗ್ಗರಣೆಯ ಸಾಸಿವೆ, ಎಳ್ಳು, ಗೇರುಬೀಜ ಇವೆ. ಅಂಗಡಿಯ ಇಂಗಿಗೆ ಗೋಧಿಹಿಟ್ಟು ಬೆರೆಸುವುದು ಸಾಮಾನ್ಯವಾದ್ದರಿಂದ ಅಕ್ಕಿಯ ಪತ್ರೊಡೆಯಲ್ಲೂ ಗ್ಲುಟೆನ್ ಸೇರಿಕೊಳ್ಳಬಹುದು. ಇಂಗಿನ ಡಬ್ಬಿಯನ್ನು ತಿರುಗಿಸಿ ನೋಡುವವರು ಕಡಿಮೆ. ಮೊದಲೇ ಪ್ಯಾಕ್ ಮಾಡಿಟ್ಟು ನೇರ ಮಾರುವ ತಿನಿಸಿನ ಮೇಲೆ 2021ರ ಅಕ್ಟೋಬರಿನಿಂದ ಪದಾರ್ಥಗಳ ಪೂರ್ತಿ ಪಟ್ಟಿ ಕಡ್ಡಾಯ. ಫೋನಿನಲ್ಲಿ ಆರ್ಡರ್ ಪಡೆದರೂ ಅಲರ್ಜಿಯ ವಿವರವನ್ನು ಮುಂಚಿತವಾಗಿ ತಿಳಿಸಲೇಬೇಕು.

ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಜಾರಿಯಲ್ಲಿರುವ ಮನೆತಿನಿಸು ಕಾಯ್ದೆ ಫ್ರಿಜ್ ಇಲ್ಲದೆ ಕೆಡದೆ ಉಳಿಯುವ ತಿನಿಸುಗಳಿಗೆ ಮಾತ್ರ. ಬೇಯಿಸಿದ ಪತ್ರೊಡೆ ಅದರೊಳಗೆ ಬರುವುದಿಲ್ಲ. ಉಪ್ಪಿನಕಾಯಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮವಿದೆ.

ಲೆಕ್ಕಪತ್ರ ಮೊದಲ ದಿನದಿಂದಲೇ ಬೇರೆ ಇರಬೇಕು. ಬ್ರಿಟನ್ನಿನಲ್ಲಿ ವರ್ಷಕ್ಕೆ 1,000 ಪೌಂಡ್‌ವರೆಗಿನ ವ್ಯಾಪಾರದ ಒಟ್ಟು ಆದಾಯಕ್ಕೆ ತೆರಿಗೆ ವಿನಾಯಿತಿಯಿದೆ. ಇದು ಲಾಭದ ಲೆಕ್ಕವಲ್ಲ, ಕೈಗೆ ಬಂದ ಹಣದ ಲೆಕ್ಕ. ಬಾಡಿಗೆ ಮನೆಯಾದರೆ ಕರಾರುಪತ್ರ ವ್ಯಾಪಾರಕ್ಕೆ ಒಪ್ಪುತ್ತದೆಯೇ ಎಂದೂ ನೋಡಬೇಕು.

ಹಲಸಿನ ಹಪ್ಪಳದಂಥ ಸರಕಿಗೆ ಬೇಸಿಗೆಯ ಬಿಸಿಲು ಬೇಕಾದ್ದರಿಂದ ಅದನ್ನು ಊರಿನಲ್ಲೇ ಮಾಡಿಸಿ ತರಿಸುವುದು ವಾಸಿ. ಊರಿನಲ್ಲಿ ಮಾಡುವವರಿಗೆ ತರಬೇತಿಗೂ ಕೊರತೆಯಿಲ್ಲ: ಧರ್ಮಸ್ಥಳದ ಆಶ್ರಯದಲ್ಲಿ, ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗದ ಉಚಿತ ತರಬೇತಿ ನೀಡುತ್ತದೆ. ಮಾರಲು ಕಳಿಸುವ ಹಪ್ಪಳಕ್ಕೆ ಭಾರತದಲ್ಲಿ ಆಹಾರ ಪರವಾನಗಿಯೂ ರಫ್ತು ಸಂಕೇತ ಸಂಖ್ಯೆಯೂ ಬೇಕು. ಅಮೆರಿಕಕ್ಕಾದರೆ ಸರಕು ತಲುಪುವ ಮುನ್ನ ಅಲ್ಲಿನ ಆಹಾರ ಇಲಾಖೆಗೆ ಸೂಚನೆ ಹೋಗಿರಬೇಕು. ನೆಂಟರ ಸೂಟ್‌ಕೇಸಿನಲ್ಲಿ ಬಂದದ್ದು ಮನೆಮಂದಿಯ ಊಟಕ್ಕೆ ಸರಿ, ಮಾರಾಟಕ್ಕಲ್ಲ.